ಸಿಗಡಿಯ ವಯಸ್ಸು

ಮೀನಿನ ವಯಸ್ಸು ತಿಳಿಯುವುದು ಅಂಥ ಕಷ್ಟವೇನಲ್ಲ. ಅದರ ತಲೆಯೊಳಗೆ ಕಿವಿಗಲ್ಲು ಎಂಬ ಪುಟ್ಟ ಸುಣ್ಣದ ಹರಳು ಇರುತ್ತದೆ. ಅದನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಕಾಂಡದಲ್ಲಿರುವಂಥ ಬಳೆಗಳು ಕಾಣುತ್ತವೆ. ಎಣಿಸಿದರೆ ಆಯಿತು. ಸಿಗಡಿಯ ಹತ್ತಿರ ಈ ಆಟ ನಡೆಯುವುದಿಲ್ಲ. ಬೆಳೆಯಬೇಕಾದರೆ ಅದು ಮೈಮೇಲಿನ ಚಿಪ್ಪನ್ನೇ ಕಳಚಿಹಾಕಬೇಕು. ಜಠರದ ಒಳಪದರ ಕೂಡ ಚಿಪ್ಪಿನ ಜೊತೆಗೇ ಹೋಗುತ್ತದೆ. ಹೀಗೆ ಜೀವಮಾನದಲ್ಲಿ ಹತ್ತಾರು ಸಲ. ಸಿಗಡಿ, ಏಡಿಗಳ ಕಣ್ಣಿನ ತೊಟ್ಟಿನಲ್ಲೋ ಜಠರದ ಹಲ್ಲುಗಳಲ್ಲೋ ಬಳೆಗಳಿವೆ ಎಂದು 2012ರಲ್ಲಿ ಕೆನಡಾದ ವಿಜ್ಞಾನಿಗಳು ತೋರಿಸಿದಾಗ ಕ್ಷೇತ್ರದಲ್ಲಿ ಸಂಭ್ರಮವೇ ಆಯಿತು. ಆದರೆ ಚಿಪ್ಪು ಕಳಚಿದ ಮೇಲೂ ಆ ಭಾಗ ಉಳಿಯುತ್ತದೆಯೇ ಎಂಬ ತಕರಾರು ಬೆನ್ನಿಗೇ ಎದ್ದಿತು.

ವಯಸ್ಸು ಗೊತ್ತಾಗದಿದ್ದರೆ ಏನು ಗಂಟು ಹೋಗುತ್ತದೆ ಎನ್ನಬಹುದು. ಸಮುದ್ರದ ದಾಸ್ತಾನು ಲೆಕ್ಕಹಾಕುವವರಿಗೆ ಅದೇ ದೊಡ್ಡ ಗಂಟು. ಈ ಸಲ ಎಷ್ಟು ಹಿಡಿದರೆ ಮುಂದಿನ ಸಲಕ್ಕೂ ಉಳಿದೀತು ಎಂದು ಹೇಳಲು ಎರಡು ವೇಗಗಳು ಬೇಕು: ಎಷ್ಟು ಬೇಗ ಬೆಳೆಯುತ್ತದೆ, ಎಷ್ಟು ಬೇಗ ಸಾಯುತ್ತದೆ. ಎರಡಕ್ಕೂ ಕಾಲದ ಅಳತೆ ಬೇಕು. ಸಿಗಡಿ ಕೊಡುವುದು ಬರೀ ಉದ್ದದ ಅಳತೆಯನ್ನು.

ಆ ಉದ್ದವನ್ನೂ ಮೂತಿಯಿಂದ ಬಾಲದ ತುದಿಯವರೆಗೆ ಅಳೆಯುವುದಿಲ್ಲ. ಮೈ ಬಾಗುತ್ತದೆ, ಮುಂದಿನ ಮುಳ್ಳು ಮುರಿದಿರುತ್ತದೆ. ಹಾಗಾಗಿ ಕಣ್ಣಿನ ಗುಳಿಯ ಹಿಂದಿನಿಂದ ಬೆನ್ನುಗವಚದ ಅಂಚಿನವರೆಗೆ ಕ್ಯಾಲಿಪರ್ ಹಿಡಿದು ಮಿಲಿಮೀಟರ್ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಒಂದು ಬಲೆಯಿಂದ ಕೆಲವು ನೂರು ಸಿಗಡಿ ಅಳೆದು, ಯಾವ ಉದ್ದದವು ಎಷ್ಟಿವೆ ಎಂದು ಕಂಬಗಳ ನಕ್ಷೆ ಬರೆದರೆ ಅದರಲ್ಲಿ ದಿಬ್ಬಗಳು ಏಳುತ್ತವೆ. 11 ಮಿಮೀ ಸುತ್ತ ಒಂದು, 17ರ ಸುತ್ತ ಇನ್ನೊಂದು, 22ರ ಹತ್ತಿರ ಮತ್ತೊಂದು ಎಂದುಕೊಳ್ಳಿ. ಒಂದೇ ಹಂಗಾಮಿನಲ್ಲಿ ಹುಟ್ಟಿದವು ಒಟ್ಟಿಗೆ ಬೆಳೆಯುತ್ತವೆಯಲ್ಲ, ಹಾಗಾಗಿ ಒಂದೊಂದು ದಿಬ್ಬವೂ ಒಂದೊಂದು ವರ್ಷದ ತಂಡ. ಡೆನ್ಮಾರ್ಕಿನ ವಿಜ್ಞಾನಿ ಯೊಹಾನೆಸ್ ಪೀಟರ್ಸನ್ 19ನೇ ಶತಮಾನದ ಕೊನೆಯಲ್ಲಿ ಮೀನುಗಳ ಮೇಲೆ ಮಾಡಿ ತೋರಿಸಿದ ಉಪಾಯವಿದು, ಇಂದಿಗೂ ಸಿಗಡಿ ಲೆಕ್ಕದ ಬೆನ್ನೆಲುಬು.

ತೊಂದರೆ ಬಲಗಡೆಯ ತುದಿಯಲ್ಲಿದೆ. ವಯಸ್ಸಾದಂತೆ ಬೆಳವಣಿಗೆ ನಿಧಾನವಾಗಿ ಮೂರನೆಯ, ನಾಲ್ಕನೆಯ ದಿಬ್ಬಗಳು ಒಂದರ ಮೈಮೇಲೆ ಒಂದು ಬಿದ್ದು ಕಲಸಿಹೋಗುತ್ತವೆ. ಬೆಚ್ಚನೆಯ ನೀರಿನ ಸಿಗಡಿಗಳದ್ದು ಇನ್ನೊಂದು ಪೇಚು. ವರ್ಷದ ಬಹುಪಾಲು ಮೊಟ್ಟೆಯಿಡುವ ಜಾತಿಗಳಲ್ಲಿ ದಿಬ್ಬವೇ ಸರಿಯಾಗಿ ಏಳುವುದಿಲ್ಲ. ಅವುಗಳ ಬದುಕೂ ಹೆಚ್ಚೆಂದರೆ ಒಂದೆರಡು ವರ್ಷ. ಅಂಥಲ್ಲಿ ವಾರ್ಷಿಕ ಲೆಕ್ಕಪತ್ರ ಇಟ್ಟು ಪ್ರಯೋಜನವಿಲ್ಲ. ಆಸ್ಟ್ರೇಲಿಯಾದ ಉತ್ತರ ತೀರದ ಹುಲಿಸಿಗಡಿಯ ದಾಸ್ತಾನು ಲೆಕ್ಕಹಾಕಲು ಬಳಸುವ ಗಣಿತದ ಮಾದರಿಗಳು ವಾರವಾರವೂ ಹೆಜ್ಜೆಯಿಡುವುದು ಅದಕ್ಕೇ.

ಉದ್ದ, ವಯಸ್ಸು ಎಲ್ಲ ಬದಿಗಿಟ್ಟು ನೇರವಾಗಿ ಎಣಿಸಲು ಬರುವುದಿಲ್ಲವೇ? ಒಂದು ದಾರಿ ಇದೆ, ಅದರ ಮೂಲ ಇಲಿಗಳಲ್ಲಿದೆ. 1939ರಲ್ಲಿ ಲೆಸ್ಲಿ ಮತ್ತು ಡೇವಿಸ್ ಎಂಬ ಸಂಶೋಧಕರು ಸಿಯೆರಾ ಲಿಯೋನಿನ ಫ್ರೀಟೌನ್‌ನಲ್ಲಿ ಬೋನಿಗೆ ಬೀಳುವ ಇಲಿಗಳು ದಿನದಿನಕ್ಕೆ ಕಡಿಮೆಯಾಗುವುದನ್ನು ನೋಡಿ ಒಟ್ಟು ಇಲಿಗಳ ಲೆಕ್ಕ ತೆಗೆದರು. ಸಿಗಡಿಗೆ ಹೊಂದಿಸುವುದು ಹೀಗೆ: ಮೊದಲ ದಿನ ಒಂದು ದೋಣಿಗೆ 100 ಕಿಲೋ ಸಿಕ್ಕಿತು. ಎಲ್ಲ ದೋಣಿ ಸೇರಿ 1,000 ಕಿಲೋ ತೆಗೆದ ಮೇಲೆ ಅದೇ ದೋಣಿಗೆ 80 ಕಿಲೋ. ಐದರಲ್ಲೊಂದು ಪಾಲು ಇಳಿಯಿತು, ಅಂದರೆ ತೆಗೆದ 1,000 ಕಿಲೋ ಒಟ್ಟು ದಾಸ್ತಾನಿನ ಐದರಲ್ಲೊಂದು ಪಾಲು. ಶುರುವಿನಲ್ಲಿದ್ದದ್ದು 5,000 ಕಿಲೋ. ಲೆಕ್ಕ ಎಷ್ಟು ಚೆಂದ! ಆದರೆ ನಡುವೆ ಹೊಸ ಮರಿಗಳು ಬಲೆಗೆ ಸಿಗುವಷ್ಟು ಬೆಳೆದರೆ, ಇದ್ದವು ಆಳಕ್ಕೆ ಸರಿದುಹೋದರೆ, ಅಥವಾ ದೋಣಿಯವರು ಜಿಪಿಎಸ್ ಹಾಕಿಸಿಕೊಂಡು ಹಿಂದಿನ ಸಲ ಸಿಕ್ಕ ಜಾಗಕ್ಕೇ ಕರಾರುವಾಕ್ಕಾಗಿ ಮರಳಿದರೆ ಲೆಕ್ಕ ಅಡಿಮೇಲು. ಕೊನೆಯದು ಎಲ್ಲಕ್ಕಿಂತ ಮೋಸದ್ದು. ಸಿಗಡಿ ಕಡಿಮೆಯಾಗುತ್ತಿದ್ದರೂ ದೋಣಿಗೆ ಸಿಗುವುದು ಕಡಿಮೆಯಾಗದೆ ಎಲ್ಲ ಸರಿಯಿದೆ ಅನ್ನಿಸಿಬಿಡುತ್ತದೆ.

ನನ್ನನ್ನು ಕೇಳಿದರೆ, ಈ ಮಾದರಿಗಳಲ್ಲೆಲ್ಲ ನಿಜವಾಗಿ ನಿದ್ದೆಗೆಡಿಸುವುದು ಸಾವಿನ ಅಂಕಿ. ಬಲೆಗೆ ಬಿದ್ದು ಸತ್ತದ್ದಕ್ಕೆ ತೂಕದ ಚೀಟಿ ಇರುತ್ತದೆ. ಮೀನಿನ ಬಾಯಿಗೆ ಹೋದದ್ದಕ್ಕೆ ಚೀಟಿ ಕೊಡುವವರು ಯಾರು? ಇದನ್ನು ಸಹಜ ಸಾವಿನ ದರ ಎಂದು ಕರೆದು ಮಾದರಿಯೊಳಗೆ ಒಂದು ಅಂಕಿ ಕೂರಿಸುತ್ತಾರೆ. ಇದು ನೂರಕ್ಕೆ ಇಷ್ಟು ಎಂಬ ಪಾಲಲ್ಲ, ಆಯಾ ಕ್ಷಣ ಉಳಿದಿರುವವುಗಳ ಮೇಲೆ ವರ್ಷವಿಡೀ ನಡೆಯುವ ದರ. ವರ್ಷಕ್ಕೆ 0.5 ಎಂದು ಹಿಡಿದರೆ, ಬಲೆಯನ್ನೇ ಹಾಕದಿದ್ದಾಗ, 100ರಲ್ಲಿ ಸುಮಾರು 61 ಸಿಗಡಿ ವರ್ಷ ದಾಟುತ್ತವೆ. 1 ಎಂದು ಹಿಡಿದರೆ 37 ಮಾತ್ರ. ದೊಡ್ಡ ಸಿಗಡಿ ಕಾಣುತ್ತಿಲ್ಲ ಎಂದರೆ ಬಲೆ ಬಾಚಿರಬಹುದು, ಮೀನು ತಿಂದಿರಬಹುದು, ಅಥವಾ ಅವು ಬೆಳೆದೇ ಇಲ್ಲದಿರಬಹುದು. ಉದ್ದದ ನಕ್ಷೆ ಮೂರಕ್ಕೂ ಒಂದೇ ಮುಖ ತೋರಿಸುತ್ತದೆ.

ತಣ್ಣೀರಿನಲ್ಲಿ ಬದುಕುವ ಉತ್ತರ ಸಿಗಡಿ ಎಂಬ ಜಾತಿ ಒಂದು ಹೆಚ್ಚಿನ ಸುಳಿವು ಕೊಡುತ್ತದೆ. ಅದು ಗಂಡಾಗಿ ಶುರುವಾಗಿ, ವರ್ಷಗಳು ಕಳೆದ ಮೇಲೆ ಹೆಣ್ಣಾಗಿ ಬದಲಾಗುತ್ತದೆ. ಹೊಟ್ಟೆಯ ಕೆಳಗಿನ ಮೊದಲ ಈಜುಗಾಲಿನ ಆಕಾರ ನೋಡಿ ಗಂಡೋ, ಹೆಣ್ಣೋ, ನಡುವಿನದ್ದೋ ಹೇಳಬಹುದು. ಹೊಟ್ಟೆಯಡಿಯ ಮುಳ್ಳುಗಳು ಇವೆಯೋ ಉದುರಿವೆಯೋ ನೋಡಿದರೆ, ಹೆಣ್ಣು ಹಿಂದೆ ಮೊಟ್ಟೆಯಿಟ್ಟಿತ್ತೇ ಎಂಬುದೂ ತಿಳಿಯುತ್ತದೆ. ಕಲಸಿಹೋದ ದಿಬ್ಬಗಳನ್ನು ಹೀಗೆ ಬಿಡಿಸಿಕೊಳ್ಳಬಹುದು. ಜೊತೆಗೆ ಇನ್ನೊಂದು ಎಚ್ಚರಿಕೆಯೂ ಇದೆ: ದೊಡ್ಡವನ್ನು ಆರಿಸಿ ಹಿಡಿದರೆ ಹಿಡಿದದ್ದೆಲ್ಲ ತಾಯಂದಿರೇ.

ಅಮೆರಿಕದ ಮೇನ್ ಕೊಲ್ಲಿ ಈ ಸಿಗಡಿಯ ದಕ್ಷಿಣದ ಗಡಿ. ಚಳಿಗಾಲದಲ್ಲಿ ಮೊಟ್ಟೆ ಹೊತ್ತ ಹೆಣ್ಣುಗಳು ದಡದ ಹತ್ತಿರ ಬರುತ್ತವೆ. ಹಿಡಿಯುತ್ತಿದ್ದದ್ದೂ ಆಗಲೇ. 1978ರಲ್ಲಿ ಒಮ್ಮೆ ಕುಸಿದು ಮೀನುಗಾರಿಕೆ ಮುಚ್ಚಿತ್ತು, ಆಮೇಲೆ ಚೇತರಿಸಿಕೊಂಡಿತು. 2012ರಲ್ಲಿ ಸಮುದ್ರ ವಿಪರೀತ ಕಾದು, ಸಿಗಡಿ ಹಠಾತ್ತನೆ ಇಳಿಯಿತು. 2014ರ ಹಂಗಾಮಿನಿಂದ ಮತ್ತೆ ನಿಷೇಧ. ಬೇಟೆಗಾರ ಪ್ರಾಣಿಗಳು ಹೆಚ್ಚಾದಂತೆ ಸಾವಿನ ದರವೂ ಏರಬೇಕು ಎಂದು 2018ರ ಮಾದರಿಯಲ್ಲಿ ಅಂಕಿಯನ್ನು ಸಡಿಲಗೊಳಿಸಿದರು. 2012ರ ಆ ಬಿಸಿಯಲ್ಲಿ ಕೊಲ್ಲಿಯೊಳಕ್ಕೆ ದೊಡ್ಡ ಸಂಖ್ಯೆಯಲ್ಲಿ ನುಗ್ಗಿದ ಒಂದು ಜಾತಿಯ ಸ್ಕ್ವಿಡ್ ಕಡೆಗೆ 2021ರ ಅಧ್ಯಯನವೊಂದು ಬೆರಳು ಮಾಡಿತು. ಹಿಡಿಯುವುದನ್ನು ನಿಲ್ಲಿಸಿ ಹತ್ತು ವರ್ಷ ದಾಟಿದರೂ ದಾಸ್ತಾನು ಮೇಲೇಳಲಿಲ್ಲ. 2025ರ ಚಳಿಗಾಲದಲ್ಲಿ, ನೋಡೋಣವೆಂದು ಕೆಲವು ದೋಣಿಗಳನ್ನು ಪರೀಕ್ಷೆಗಾಗಿ ಸಿಗಡಿ ಹಿಡಿಯಲು ಬಿಟ್ಟರು. ಎಲ್ಲ ಬಲೆಗಳಿಗೂ ಸೇರಿ ಸಿಕ್ಕದ್ದು 70 ಸಿಗಡಿ. ಅಷ್ಟು ಉದ್ದಗಳನ್ನು ಬರೆದಿಟ್ಟುಕೊಂಡು ನಕ್ಷೆಯಲ್ಲಿ ದಿಬ್ಬ ಹುಡುಕಲಾಗದು.