ಮುದ್ರಾ ಸಾಲಕ್ಕೆ ಸಬ್ಸಿಡಿ ಎಷ್ಟು ಸರ್? ಮತ್ತೊಮ್ಮೆ ಉತ್ತರ

ಪ್ರಶ್ನೆ: "ಸರ್, ನಾವು ಬಳ್ಳಾರಿ ಕೌಲ್ ಬಜಾರಿನಲ್ಲಿ ಮನೆಯಲ್ಲೇ ಜೀನ್ಸ್ ಹೊಲಿತೀವ್ರಿ. ಇನ್ನೆರಡು ಮಷೀನ್ ಹಾಕೋಣ ಅಂತ ಇದೀವಿ. ಮುದ್ರಾದಲ್ಲಿ ಐದು ಲಕ್ಷ ತಗೊಂಡ್ರೆ ಸಬ್ಸಿಡಿ ಎಷ್ಟು ಬರ್ತೈತ್ರಿ? ಅರ್ಧ ಮನ್ನಾ ಆಗ್ತೈತಿ ಅಂತ ಒಬ್ರು ಹೇಳಿದ್ರು. ಬ್ಯಾಂಕಿನವರು ಮಾತ್ರ ಸರಿಯಾಗಿ ಹೇಳ್ತಿಲ್ಲ. ಯಾರನ್ನ ಹಿಡೀಬೇಕು?"

ಉತ್ತರ: ಸೊನ್ನೆ. ಮುದ್ರಾ ಸಾಲಕ್ಕೆ ಸಬ್ಸಿಡಿ ಇಲ್ಲ. ಅರ್ಧವೂ ಇಲ್ಲ, ಕಾಲೂ ಇಲ್ಲ. ಯಾರನ್ನೂ ಹಿಡಿಯಬೇಕಾಗಿಯೂ ಇಲ್ಲ.

ಇದೇ ಪ್ರಶ್ನೆ ಸಿಂಧನೂರಿನಿಂದ ಬಂದಿದೆ, ಗಂಗಾವತಿಯಿಂದ ಬಂದಿದೆ, ಸಿರುಗುಪ್ಪದಿಂದ ಬಂದಿದೆ. ಒಮ್ಮೆ ಕಿರಾಣಿ ಅಂಗಡಿಯವರು, ಒಮ್ಮೆ ರೊಟ್ಟಿ ಮಾಡಿ ಮಾರುವವರು, ಒಮ್ಮೆ ಪಂಕ್ಚರ್ ಅಂಗಡಿಯವರು. ಊರು ಬದಲಾದರೂ 'ಅರ್ಧ ಮನ್ನಾ' ಮಾತ್ರ ಬದಲಾಗುವುದಿಲ್ಲ. ಬ್ಯಾಂಕಿನ ಕೌಂಟರಿನ ಒಳಗಡೆ ಕೂತು ಬಂದವನು ನಾನು. ಅಲ್ಲಿದ್ದಾಗಲೂ ಇದನ್ನೇ ಹೇಳಿದೆ, ಈಗಲೂ ಇದನ್ನೇ ಬರೆಯುತ್ತಿದ್ದೇನೆ. ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಮುದ್ರಾ ಯೋಜನೆ ಶುರುವಾಗಿದ್ದು 2015ರ ಏಪ್ರಿಲ್ 8ರಂದು. 50 ಸಾವಿರದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ತರುಣ ಸಾಲ ತೆಗೆದುಕೊಂಡು ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೂ ಸಿಗುತ್ತದೆ. ಇಷ್ಟು ನಿಮಗೆ ಗೊತ್ತೇ ಇರುತ್ತೆ. ಗೊತ್ತಿಲ್ಲದ್ದು ಮುಂದಿನದು: ಮುದ್ರಾ ಅನ್ನುವ ಸಂಸ್ಥೆ ನಿಮಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಅದು ಬ್ಯಾಂಕು, ಫೈನಾನ್ಸ್ ಸಂಸ್ಥೆಗಳಿಗೆ ಹಿಂದಿನಿಂದ ಹಣ ಒದಗಿಸುವ ಸಂಸ್ಥೆ. ಸಾಲ ಕೊಡುವುದು ನಿಮ್ಮ ಖಾತೆ ಇರುವ ಬ್ಯಾಂಕೇ. ಕೊಡುವ ದುಡ್ಡು ಅಲ್ಲಿ ಪಿಂಚಣಿದಾರರು, ಮೇಷ್ಟ್ರುಗಳು, ಭತ್ತ ಮಾರಿದ ರೈತರು ಇಟ್ಟ ಠೇವಣಿ. ಅದು ಸರ್ಕಾರದ ಬೊಕ್ಕಸದಿಂದ ಬಂದ ದುಡ್ಡಲ್ಲ, ಹಾಗಾಗಿ ಮನ್ನಾ ಮಾಡಲು ಅಲ್ಲಿ ಯಾರಿಗೂ ಅಧಿಕಾರವಿಲ್ಲ.

"ಬಳ್ಳಾರಿಯಲ್ಲಿ ಮುದ್ರಾ ಆಫೀಸ್ ಎಲ್ಲಿದೆ?" ಅಂತಲೂ ಕೇಳುತ್ತಾರೆ. ಹಾಗೊಂದು ಆಫೀಸ್ ಇಲ್ಲ. 1976ರಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಹುಟ್ಟಿದ ಊರು ಇದು. 2025ರ ಮೇ 1ಕ್ಕೆ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಒಂದಾದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಕೇಂದ್ರ ಕಚೇರಿಯೂ ಇಲ್ಲೇ ಇದೆ. ಆದರೆ ನೀವು ಕೇಂದ್ರ ಕಚೇರಿಗೂ ಹೋಗಬೇಕಿಲ್ಲ. ನಿಮ್ಮ ಖಾತೆ ಯಾವ ಶಾಖೆಯಲ್ಲಿದೆಯೋ ಅಲ್ಲಿಗೆ ಹೋದರೆ ಸಾಕು.

"ಸರಿ ಸಾರ್, ಆದ್ರೆ ಸರ್ಕಾರ ಗ್ಯಾರಂಟಿ ಕೊಟ್ಟಿದೆಯಲ್ಲ?" ಇದು ಎರಡನೇ ಸುತ್ತಿನ ವಾದ. ಹೌದು, ಗ್ಯಾರಂಟಿ ನಿಧಿ ಇದೆ. ಅದಕ್ಕೇ ನಿಮ್ಮ ಹತ್ತಿರ ಮನೆ ಪತ್ರ, ಹೊಲದ ಪಹಣಿ ಅಡ ಕೇಳುವುದಿಲ್ಲ. ಆದರೆ ಆ ಕೊಡೆ ಇರುವುದು ಬ್ಯಾಂಕಿನ ತಲೆ ಮೇಲೆ, ನಿಮ್ಮ ತಲೆ ಮೇಲಲ್ಲ. ನೀವು ಮೂರು ತಿಂಗಳು ಕಂತು ಕಟ್ಟದಿದ್ದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ. ಬ್ಯಾಂಕು ತನ್ನ ನಷ್ಟದ ಒಂದು ಪಾಲನ್ನು ಆ ನಿಧಿಯಿಂದ ಕೇಳಿಕೊಳ್ಳುತ್ತದೆ. ನಿಮ್ಮ ಬಾಕಿ ಹಾಗೇ ಇರುತ್ತದೆ, ವಸೂಲಿಯೂ ನಡೆಯುತ್ತದೆ. ಯಾರು ಸಾಲ ಹೇಗೆ ತೀರಿಸಿದರು ಅಂತ ದಾಖಲೆ ಇಡುವ ಸಿಬಿಲ್‌ನಲ್ಲಿ ಹೆಸರು ಕೆಡುತ್ತದೆ. ಆಮೇಲೆ ಮಗಳ ಓದಿಗೆ ಸಾಲ ಬೇಕೆಂದು ಹೋದಾಗ ಮ್ಯಾನೇಜರ್ ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸುತ್ತಾರೆ. ಹಳೇ 50 ಸಾವಿರದ ಕಥೆ ಅಲ್ಲಿ ಕೂತಿರುತ್ತದೆ.

ಈ ಸುಳ್ಳು ಎಲ್ಲಿಂದ ಹುಟ್ಟಿತು? ನನ್ನ ಲೆಕ್ಕದಲ್ಲಿ ಮೂರು ನಿಜಗಳು ಕಲಸಿ ಒಂದು ಸುಳ್ಳಾಗಿದೆ. ಮೊದಲನೆಯದು, 2020ರಲ್ಲಿ ಕೋವಿಡ್ ಕಾಲಕ್ಕೆ ಶಿಶು ಸಾಲಗಾರರಿಗೆ 12 ತಿಂಗಳ ಮಟ್ಟಿಗೆ ಶೇ 2ರಷ್ಟು ಬಡ್ಡಿ ರಿಯಾಯಿತಿ ಕೊಟ್ಟರು. ಅದೂ ಸರಿಯಾಗಿ ಕಂತು ಕಟ್ಟಿದವರಿಗೆ. ಅದು ಮುಗಿದ ಕಥೆ. ಎರಡನೆಯದು, ಹೆಸರಿನ ಮುಂದೆ 'ಪ್ರಧಾನಮಂತ್ರಿ' ಅಂತ ಇರುವ ಇನ್ನೊಂದು ಯೋಜನೆ, ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ಅದರಲ್ಲಿ ಸಬ್ಸಿಡಿ ನಿಜಕ್ಕೂ ಇದೆ: ಪಟ್ಟಣದ ಸಾಮಾನ್ಯ ವರ್ಗದವರಿಗೆ ಶೇ 15, ಹಳ್ಳಿಯಲ್ಲಾದರೆ ಶೇ 25. ಮಹಿಳೆಯರು, ಎಸ್‌ಸಿ, ಎಸ್‌ಟಿ, ಹಿಂದುಳಿದವರು, ಅಲ್ಪಸಂಖ್ಯಾತರಿಗೆ ಪಟ್ಟಣದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ಆದರೆ ಅದು ಹೊಸ ಘಟಕಕ್ಕೆ. ಸಬ್ಸಿಡಿ ಹಣ ಕೈಗೂ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತದೆ. ಘಟಕ ನಡೆಯುತ್ತಿದ್ದರೆ ಮಾತ್ರ ಆಮೇಲೆ ಸಾಲಕ್ಕೆ ವಜಾ ಆಗುತ್ತದೆ. ಬೋರ್ಡ್ ಹಾಕಿ ಫೋಟೋ ತೆಗೆಸಿ ಬೀಗ ಹಾಕಿದರೆ ವಾಪಸ್ ಹೋಗುತ್ತದೆ.

ಮೂರನೆಯದೇ 'ಅರ್ಧ ಮನ್ನಾ'ದ ತವರು. ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ. 3 ಲಕ್ಷದವರೆಗಿನ ಸಾಲಕ್ಕೆ ಎಸ್‌ಸಿ, ಎಸ್‌ಟಿ ಮಹಿಳೆಯರಿಗೆ ಶೇ 50 ಸಹಾಯಧನ, ಉಳಿದವರಿಗೆ ಶೇ 30, ಅಂದರೆ ಹೆಚ್ಚೆಂದರೆ 90 ಸಾವಿರ. ಇಲ್ಲಿ ಆಯ್ಕೆ ಮಾಡುವುದು ಶಾಸಕರ ಅಧ್ಯಕ್ಷತೆಯ ಸಮಿತಿ, ತಾಲ್ಲೂಕಿಗೆ ಇಷ್ಟೇ ಅಂತ ಗುರಿ ಇರುತ್ತದೆ. 'ಯಾರನ್ನ ಹಿಡೀಬೇಕು' ಅನ್ನುವ ಮಾತು ಹುಟ್ಟಿದ್ದೂ ಇಲ್ಲೇ. ಉದ್ಯೋಗಿನಿಯ ಅರ್ಧ, ಪಿಎಂಇಜಿಪಿಯ ಪ್ರಧಾನಮಂತ್ರಿ, ಮುದ್ರಾದ 'ಅಡಮಾನ ಬೇಡ' ಮೂರನ್ನೂ ಸೇರಿಸಿ ಯಾರೋ ಒಂದು ವಾಟ್ಸಾಪ್ ಮೆಸೇಜ್ ಮಾಡಿದರು. ಅದು ಇನ್ನೂ ಓಡುತ್ತಿದೆ. ಅದರ ಕೊನೆಗೆ "ಪ್ರೊಸೆಸಿಂಗ್ ಶುಲ್ಕ ಎರಡು ಸಾವಿರ ಫೋನ್‌ಪೇ ಮಾಡಿ" ಅಂತ ಇದ್ದರೆ ನಂಬರ್ ಬ್ಲಾಕ್ ಮಾಡಿ. ಯಾವ ಬ್ಯಾಂಕೂ ಸಾಲ ಮಂಜೂರು ಮಾಡುವ ಮೊದಲು ಒಬ್ಬರ ಸ್ವಂತ ನಂಬರಿಗೆ ದುಡ್ಡು ಹಾಕಿಸಿಕೊಳ್ಳುವುದಿಲ್ಲ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೂ ಅಷ್ಟೇ. ಆಧಾರ್ ಇದ್ದರೆ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಅದಕ್ಕೆ ಸಾವಿರಗಟ್ಟಲೆ ಕೊಟ್ಟು ಬಂದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಇನ್ನು ನಿಮ್ಮ ವಿಷಯಕ್ಕೆ ಬರೋಣ. ಹೊಲಿಯುವುದು ನಿಮ್ಮ ಮನೆಯವರಾದರೆ, ಮುದ್ರಾಗಿಂತ ಮೊದಲು ಪಿಎಂ ವಿಶ್ವಕರ್ಮ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಯೋಜನೆ. 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ನಮ್ಮ ಕಿನ್ನಾಳದ ಬೊಂಬೆ ಮಾಡುವವರೂ ಬರುತ್ತಾರೆ. ತರಬೇತಿ, ಉಪಕರಣಕ್ಕೆ 15 ಸಾವಿರ, ಆಮೇಲೆ ಮೊದಲ ಸಲ 1 ಲಕ್ಷ, ತೀರಿಸಿದರೆ 2 ಲಕ್ಷ, ಬಡ್ಡಿ ಶೇ 5. ಒಂದು ಮನೆಗೆ ಒಬ್ಬರಿಗೆ ಮಾತ್ರ. ಒಂದು ಕೊಕ್ಕೆಯೂ ಇದೆ: ಮುದ್ರಾ ಸಾಲ ಬಾಕಿ ಇದ್ದರೆ ಇದು ಸಿಗುವುದಿಲ್ಲ. ಹಾಗಾಗಿ ಯಾವುದು ಮೊದಲು ಅಂತ ಯೋಚಿಸಿ ಹೆಜ್ಜೆ ಇಡಿ.

ಬ್ಯಾಂಕಿನವರು ಯಾಕೆ ಸರಿಯಾಗಿ ಮಾತಾಡುತ್ತಿಲ್ಲ? ನೀವು ಕಳಿಸಿದ ಪಾಸ್‌ಬುಕ್ ಫೋಟೋ ನೋಡಿದೆ. ಎರಡು ಪುಟದಲ್ಲಿ ಮೂರು ಬಗೆಯ ಸಾಲುಗಳಿವೆ. ಗೃಹಲಕ್ಷ್ಮಿ ಎರಡು ಸಾವಿರ ಬಂತು, ಮಾರನೇ ದಿನ ಎಟಿಎಂನಲ್ಲಿ ಎರಡು ಸಾವಿರ ಹೋಯಿತು. ಗ್ಯಾಸ್ ಸಬ್ಸಿಡಿ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಕಟಾವು. ಹೊಲಿಗೆಯ ಒಂದು ರೂಪಾಯಿಯೂ ಅಲ್ಲಿಲ್ಲ. ಶನಿವಾರ ಮಾಲೀಕರು ಪೀಸ್ ಲೆಕ್ಕದಲ್ಲಿ ನಗದು ಕೊಡುತ್ತಾರೆ, ಆ ನಗದು ಸಂತೆಗೆ, ದಾರಕ್ಕೆ, ಚೀಟಿಗೆ ಹೋಗುತ್ತದೆ. ನೀವು ವಾರವಿಡೀ ರಾತ್ರಿ ಹನ್ನೊಂದರವರೆಗೆ ಮಷೀನ್ ತುಳಿದಿದ್ದು ನನಗೆ ಗೊತ್ತು, ಆ ಪುಸ್ತಕಕ್ಕೆ ಗೊತ್ತಿಲ್ಲ. ಮ್ಯಾನೇಜರ್ ಓದುವುದು ಪುಸ್ತಕವನ್ನೇ.

ಮಾಲೀಕರಿಗೆ ಹೇಳಿ, ಇನ್ಮೇಲೆ ದುಡ್ಡು ಖಾತೆಗೆ ಹಾಕಲಿ. ಒಪ್ಪದಿದ್ದರೆ ನೀವೇ ನಗದನ್ನು ವಾರಕ್ಕೊಮ್ಮೆ ಕಟ್ಟಿ, ಬೇಕಾದಷ್ಟು ತೆಗೆಯಿರಿ. ಆರು ತಿಂಗಳು ಹೀಗೆ ಮಾಡಿದರೆ ಪಾಸ್‌ಬುಕ್ ತಾನೇ ಮಾತಾಡುತ್ತದೆ. ಬಂಡಲ್ ಜೊತೆ ಬರುವ ಚೀಟಿಗಳನ್ನು ಎಸೆಯಬೇಡಿ, ಒಂದು ತಂತಿಗೆ ಚುಚ್ಚಿಡಿ. ಎಷ್ಟು ಪೀಸ್ ಬಂತು, ಎಷ್ಟು ಹೋಯಿತು ಅನ್ನುವುದಕ್ಕೆ ಅದೇ ಸಾಕ್ಷಿ. ಇದುವರೆಗೆ ಸಾಲವನ್ನೇ ಮಾಡಿಲ್ಲ, ಸಿಬಿಲ್ ಸ್ಕೋರ್ ಇಲ್ಲ ಅಂತ ಹೆದರಬೇಡಿ. ಮೊದಲ ಸಲ ಸಾಲ ಕೇಳುವವರನ್ನು ಬರೀ ಆ ಕಾರಣಕ್ಕೆ ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ.

ಆಮೇಲೆ ಆ ಐದು ಲಕ್ಷ. ಯಾಕೆ ಐದು? ಕಿಶೋರದ ಮಿತಿ ಐದು ಅಂತ ತಾನೆ? ಮಿತಿ ನೋಡಿ ಸಾಲ ಕೇಳಬೇಡಿ, ಲೆಕ್ಕ ಹಾಕಿ ಕೇಳಿ. ಎರಡು ಮಷೀನಿಗೆ ಜಿಎಸ್‌ಟಿ ನಂಬರ್ ಇರುವ ಡೀಲರ್ ಹತ್ತಿರ ಕೊಟೇಶನ್ ತನ್ನಿ, ಬ್ಯಾಂಕು ಆ ದುಡ್ಡನ್ನು ನೇರ ಅವರಿಗೇ ಹಾಕುತ್ತದೆ. ಇನ್ನಿಬ್ಬರು ಹೊಲಿಯುವವರನ್ನು ಕರೆದರೆ ಅವರಿಗೆ ಶನಿವಾರಕ್ಕೆ ಕೂಲಿ ಕೊಡಲೇಬೇಕು, ಮಾಲೀಕರು ಒಮ್ಮೊಮ್ಮೆ ತಿಂಗಳು ಎಳೆಯುತ್ತಾರೆ. ಆ ನಾಲ್ಕು ವಾರದ ಕೂಲಿ, ದಾರ, ಕರೆಂಟ್ ಬಿಲ್ ಕೂಡಿಸಿ. ಅದೇ ನಿಮಗೆ ಬೇಕಾದ ಓಡಾಟದ ಬಂಡವಾಳ. ಎರಡೂ ಸೇರಿ ಎಷ್ಟಾಗುತ್ತೋ ಅಷ್ಟು ಕೇಳಿ. ಲೆಕ್ಕದ ಚೀಟಿ ಹಿಡಿದು ಬಂದವರನ್ನು ಮ್ಯಾನೇಜರ್ ಕೂರಿಸಿ ಮಾತಾಡಿಸುತ್ತಾರೆ.

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ತಗೊಳ್ಳಿ. ಇಂಥ ಸಣ್ಣ ಸಾಲಗಳಿಗೆ, ಕಾಗದ ಪತ್ರ ಸರಿ ಇದ್ದರೆ, 14 ಕೆಲಸದ ದಿನದೊಳಗೆ ಹೌದು ಅಥವಾ ಇಲ್ಲ ಅನ್ನಬೇಕು. ಇಲ್ಲ ಅಂದರೆ ಕಾರಣ ಬರವಣಿಗೆಯಲ್ಲಿ ಕೇಳಿ. ಅಡಮಾನ ಕೇಳಿದರೆ, ಜಿಲ್ಲೆಯ ಬ್ಯಾಂಕುಗಳ ಸಾಲದ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ ಪತ್ರ ಬರೆಯಿರಿ. ಬ್ಯಾಂಕಿಗೆ ದೂರು ಕೊಟ್ಟು ತಿಂಗಳಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನ್ ಮಾಡಿ.

ಇದೆಲ್ಲ ಯಾರಿಗೆ ಬೇಕು, ಡೈಲಿ ಫೈನಾನ್ಸ್‌ನವರು ಸಂಜೆಗೇ ಕೊಡ್ತಾರೆ ಅಂತೀರಾ? ಕೊಡ್ತಾರೆ. ಹತ್ತು ಸಾವಿರ ಅಂತ ಬರೆದು ಒಂಬತ್ತು ಸಾವಿರ ಕೈಗೆ. ದಿನಕ್ಕೆ ನೂರರಂತೆ ನೂರು ದಿನ. "ಬರೀ ಸಾವಿರ ರೂಪಾಯಿ ಬಡ್ಡಿ" ಅನ್ನಿಸುತ್ತದೆ, ಅಲ್ವಾ? ಆದರೆ ಆ ಒಂಬತ್ತು ಸಾವಿರ ನೂರು ದಿನವೂ ನಿಮ್ಮ ಹತ್ತಿರ ಇರುವುದಿಲ್ಲ. ಮೊದಲ ದಿನದಿಂದಲೇ ವಾಪಸ್ ಕಟ್ಟುತ್ತಿರುತ್ತೀರಿ. ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 75ಕ್ಕೂ ಜಾಸ್ತಿ ಬೀಳುತ್ತದೆ. ನೋಂದಣಿ ಇಲ್ಲದೆ ಸಾಲ ಕೊಟ್ಟು ಮನೆ ಮುಂದೆ ಕೂಗಾಡುವವರ ಮೇಲೆ 2025ರಲ್ಲಿ ರಾಜ್ಯ ಸರ್ಕಾರ ಕಾನೂನನ್ನೇ ತಂದಿದೆ. ಪೊಲೀಸರಿಗೆ ದೂರು ಕೊಡಬಹುದು.

ನೀವು ಕೇಳಿಲ್ಲ, ಆದರೂ ಒಂದು ಹೇಳುತ್ತೇನೆ. "ದುಡ್ಡು ಖಾತೆಗೆ ಹಾಕಿಸಿ" ಅಂದ ತಕ್ಷಣ ಎಲ್ಲರ ಮುಖ ಸಣ್ಣದಾಗುತ್ತದೆ. ಜಿಎಸ್‌ಟಿ ನೋಟಿಸ್ ನೆನಪಾಗುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತಲ್ಲ, ಆಗ ಎಷ್ಟೋ ಅಂಗಡಿಯವರು ಕ್ಯೂಆರ್ ಸ್ಟಿಕರ್ ಕಿತ್ತುಹಾಕಿದರು. ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಅಂತ ಕೊನೆಗೆ ಮುಖ್ಯಮಂತ್ರಿಗಳು ಹೇಳಿದರು. ಸ್ಟಿಕರ್ ಕಿತ್ತವರಲ್ಲಿ ಎಷ್ಟೋ ಜನರಿಗೆ ಆ ಹೆದರಿಕೆ ಬೇಕಿರಲಿಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಅಂದರೆ ದಿನಕ್ಕೆ ಸುಮಾರು 11 ಸಾವಿರದ ವ್ಯಾಪಾರ. ತರಕಾರಿ, ಹಾಲು ಮಾರುವವರ ಸರಕಿಗೆ ತೆರಿಗೆಯೇ ಇಲ್ಲ.

ನಿಮ್ಮದು ಜಾಬ್ ವರ್ಕ್. ಬಟ್ಟೆ ಮಾಲೀಕರದ್ದು, ನಿಮ್ಮದು ಹೊಲಿಗೆ ಮಾತ್ರ. ಅದು ಸೇವೆಯ ಲೆಕ್ಕಕ್ಕೆ ಬರುತ್ತದೆ, ಮಿತಿ 20 ಲಕ್ಷ. ತಿಂಗಳಿಗೆ ಒಂದೂವರೆ ಲಕ್ಷದ ಹೊಲಿಗೆ ಕೂಲಿ ಬಂದರೂ ನೀವು ಅದರ ಕೆಳಗೇ ಇರುತ್ತೀರಿ. ಒಂದೇ ಎಚ್ಚರ: ಚೀಟಿ ದುಡ್ಡು, ತಮ್ಮ ಬೆಂಗಳೂರಿನಿಂದ ಕಳಿಸುವ ದುಡ್ಡು, ಪಕ್ಕದ ಮನೆಯವರಿಗೆ ಬಿಡಿಸಿ ಕೊಟ್ಟ ದುಡ್ಡು ಎಲ್ಲವೂ ಹೊಲಿಗೆ ಖಾತೆಗೇ ಬಿದ್ದರೆ ನೋಡುವವರಿಗೆ ಎಲ್ಲವೂ ವ್ಯಾಪಾರದ ಹಾಗೇ ಕಾಣುತ್ತದೆ. ನೋಟಿಸ್ ಬಂದ ಎಷ್ಟೋ ಜನರ ತಕರಾರು ಇದೇ ಆಗಿತ್ತು. ಹೊಲಿಗೆಗೆ ಒಂದು ಖಾತೆ, ಮನೆಗೆ ಒಂದು ಖಾತೆ ಮಾಡಿಕೊಳ್ಳಿ. ಗೃಹಲಕ್ಷ್ಮಿ ಹಳೆಯದಕ್ಕೇ ಬರಲಿ, ಅದನ್ನು ಮುಟ್ಟಬೇಡಿ. ಆಧಾರ್ ಜೋಡಣೆ ಬದಲಿಸಲು ಹೋದರೆ ಅದಕ್ಕೆ ಇನ್ನೊಂದು ಉತ್ತರ ಬರೆಯಬೇಕಾಗುತ್ತದೆ.