ಅಚ್ಚುಚಿತ್ರದಲ್ಲಿ ಮನುಷ್ಯನ ಮೈ ಯಾಕೆ ಹೀಗೆ?

ಮರದ ಹಲಗೆ, ಲೋಹದ ತಗಡಿನಂಥವುಗಳಲ್ಲಿ ಚಿತ್ರ ಮಾಡಿ, ಅದನ್ನು ಕಾಗದಕ್ಕೆ ಒತ್ತಿ ತೆಗೆಯುವುದು ಅಚ್ಚುಚಿತ್ರ. ಇವತ್ತಿನ ಅಚ್ಚುಚಿತ್ರಗಳಲ್ಲಿ ತಿರುಚಿಕೊಂಡ, ಗೀರುಬಿದ್ದ, ಅರ್ಧ ಅಳಿಸಿಹೋದಂಥ ಮೈಗಳನ್ನು ನೋಡಿ 'ಇಷ್ಟು ವಿಕಾರವಾಗಿ ಯಾಕೆ ಮಾಡ್ತಾರೆ?' ಎಂದು ಕೇಳುವವರು ಜಾಸ್ತಿ. ಸುಮ್ನೆ ಹಾಗೆ ಮಾಡಿದ್ದಲ್ಲ. ಕುಂಚ ಸಲೀಸಾಗಿ ಹರಿಯುತ್ತದೆ, ಮರದ ಹಲಗೆ ಉಳಿಯನ್ನು ತಡೆಯುತ್ತದೆ. ಕೈ ಬಲ ಹಾಕಬೇಕು, ಆ ಬಲವೇ ಗೀರಾಗಿ ಕಾಗದಕ್ಕೆ ಬರುತ್ತದೆ.

ಜರ್ಮನಿಯ ಕಲಾವಿದೆ ಕೇಥೆ ಕೋಲ್ವಿಟ್ಸ್ ಅವರ ಮಗ ಪೀಟರ್ 1914ರಲ್ಲಿ, ಮೊದಲ ಮಹಾಯುದ್ಧದಲ್ಲಿ ತೀರಿಕೊಂಡ. ಆ ಸಂಕಟವನ್ನು ಎಚ್ಚಿಂಗ್‌ನಲ್ಲಿ (ಲೋಹದ ತಗಡನ್ನು ಆಸಿಡ್‌ನಿಂದ ಕೊರೆಯುವ ಅಚ್ಚು), ಲಿಥೋದಲ್ಲಿ (ಕಲ್ಲಿನ ಮೇಲೆ ಬರೆದು ತೆಗೆಯುವ ಅಚ್ಚು) ಹೇಳಲು ನೋಡಿದರು, ಸಮಾಧಾನವಾಗಲಿಲ್ಲ. 1920ರಲ್ಲಿ ಜರ್ಮನಿಯದೇ ಶಿಲ್ಪಿ ಅರ್ನ್ಸ್ಟ್ ಬಾರ್ಲಾಖ್ ಅವರ ಮರದಚ್ಚುಗಳನ್ನು ನೋಡಿದ ಮೇಲೆ ತಾವೂ ಉಳಿ ಹಿಡಿದರು. ಹಾಗೆ ಹುಟ್ಟಿದ್ದು 'ಯುದ್ಧ' ಎಂಬ 7 ಚಿತ್ರಗಳ ಸರಣಿ. ಅದರಲ್ಲೊಂದರಲ್ಲಿ ಮಂಡಿಯೂರಿದ ತಂದೆತಾಯಿ ಒಬ್ಬರ ಮೇಲೊಬ್ಬರು ಕುಸಿದು ಒಂದೇ ಕಪ್ಪು ಗುಡ್ಡೆಯಂತೆ ಕಾಣುತ್ತಾರೆ. ಮುಖ ಕಾಣದಿದ್ದರೂ ಅಳು ಗೊತ್ತಾಗುತ್ತದೆ, ಅಲ್ವಾ? 1930ರ ದಶಕದಲ್ಲಿ ಚೀನಾದ ಲೇಖಕ ಲೂ ಶುನ್ ಕೋಲ್ವಿಟ್ಸ್ ಅವರ ಚಿತ್ರಗಳನ್ನು ಅಲ್ಲಿನ ಯುವ ಕಲಾವಿದರಿಗೆ ತೋರಿಸಿದರು, ಮುಂದೆ ಆ ಕಲಾವಿದರು ಮಾಡಿದ ಮರದಚ್ಚುಗಳು ಬಂಗಾಳದ ಎಡಪಂಥೀಯ ಕಲಾವಿದರ ಕೈ ಸೇರಿದವು.

ಆಗ ಬಂಗಾಳದಲ್ಲಿ 1943ರ ಬರಗಾಲ. ಕಲಾವಿದ ಚಿತ್ತಪ್ರಸಾದ್ ಮಿಡ್ನಾಪುರದ ಹಳ್ಳಿಗಳನ್ನು ಸುತ್ತಿ, ಹಸಿದವರನ್ನು ಕಣ್ಣಾರೆ ನೋಡಿ ಚಿತ್ರ ಬರೆದರು, ಅವು 'ಹಂಗ್ರಿ ಬೆಂಗಾಲ್' ಎಂಬ ಪುಸ್ತಕವಾದವು. ಆ ಪುಸ್ತಕದ 5000 ಪ್ರತಿಗಳನ್ನು ಬ್ರಿಟಿಷರು ನಾಶ ಮಾಡಿದರು.

ಹಸಿದವರ, ಸಾಯುತ್ತಿರುವವರ ಚಿತ್ರ ಬರಿ ಎಂದು ಚಿತ್ತಪ್ರಸಾದ್ ಚಿತ್ತಗಾಂಗಿನ ಒಬ್ಬ ಯುವಕನನ್ನು ಹುರಿದುಂಬಿಸಿದ್ದರು. ಆತ ಸೋಮನಾಥ ಹೋರ್. ಆ ದಿನಗಳಲ್ಲಿ ಕಂಡ ಮೈಗಳು ಅವರನ್ನು ಬಿಡಲೇ ಇಲ್ಲ. ಅಚ್ಚಿಗೆ ಮೊದಲು ಮರ, ಆಮೇಲೆ ಲೋಹದ ತಗಡು, ಕೊನೆಗೆ ಶಾಂತಿನಿಕೇತನದಲ್ಲಿ 1970ರ ದಶಕದ ಶುರುವಿನಲ್ಲಿ 'ಗಾಯಗಳು' ಸರಣಿ. ಮಣ್ಣಿನ ಹಾಳೆಯನ್ನು ಚಾಕುವಿನಿಂದ ಕೊಯ್ದು, ಕಾದ ಸರಳಿನಿಂದ ಚುಚ್ಚಿ, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಆ ಅಚ್ಚಿನ ಮೇಲೆ ಒದ್ದೆ ಕಾಗದದ ತಿರುಳನ್ನು ಒತ್ತಿದರು. ಶಾಯಿ ಇಲ್ಲ. ಬಿಳಿಯ ಮೇಲೆ ಬಿಳಿ. ಮನುಷ್ಯನ ಆಕಾರವೂ ಹೆಚ್ಚುಕಡಿಮೆ ಇಲ್ಲ, ಚರ್ಮ ಮತ್ತು ಅದರ ಮೇಲಿನ ಕೊಯ್ತ ಮಾತ್ರ ಉಳಿದಿದೆ. ಭಾರತದ ಅಚ್ಚುಚಿತ್ರದಲ್ಲಿ ಮೈಯನ್ನು ಇದಕ್ಕಿಂತ ಹತ್ತಿರದಿಂದ ಮುಟ್ಟಿದವರು ನನಗೆ ಕಂಡಿಲ್ಲ.

ದೆಹಲಿಯ ಕಲಾವಿದೆ ಅನುಪಮ್ ಸೂದ್ ಹಿಡಿದದ್ದು ಇನ್ನೊಂದು ದಾರಿ. ಅವರು ಸತುವಿನ ತಗಡನ್ನು ಆಸಿಡ್‌ಗೆ ಕೊಟ್ಟು ಕಾಯುತ್ತಾರೆ, ಆಸಿಡ್ ನಿಧಾನವಾಗಿ ತಗಡನ್ನು ತಿಂದಷ್ಟೂ ಅಚ್ಚಿನಲ್ಲಿ ಕಪ್ಪು ಗಾಢವಾಗುತ್ತದೆ. ಹಾಗಾಗಿ ಅವರ ಗಂಡುಹೆಣ್ಣುಗಳ ಮೈ ತುಂಬಿಕೊಂಡಿರುತ್ತದೆ, ಭಾರವಾಗಿರುತ್ತದೆ. ಇಲ್ಲಿ ನೋವು ಕೂತಿರುವ ಭಂಗಿಯಲ್ಲಿ, ಪಕ್ಕದಲ್ಲಿದ್ದೂ ಒಬ್ಬರನ್ನೊಬ್ಬರು ನೋಡದಿರುವುದರಲ್ಲಿ ಇದೆ.

ದಯವಿಟ್ಟು ಇವನ್ನು ಫೋನಿನಲ್ಲಿ ನೋಡಿ ಮುಗಿಸಬೇಡಿ. ಹೋರ್ ಅವರ ಚಿತ್ರ ಅಲ್ಲಿ ಖಾಲಿ ಹಾಳೆಯಂತೆ ಕಾಣುತ್ತದೆ. ಎದುರಿಗೆ ಹೋಗಿ, ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲಿ. ಓರೆ ಬೆಳಕು ಬಿದ್ದಾಗಲೇ ಆ ಕೊಯ್ತದ ಅಂಚಿಗೆ ನೆರಳು ಬರುವುದು.