ಬ್ಯಾಂಡಿನಲ್ಲಿ ದೇವರ ಸಂಗೀತ: ಉಸಿರು, ಶ್ರುತಿ, ನಡೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಕಡೆ ಬ್ಯಾಂಡ್‌ಸೆಟ್ಟಿನಲ್ಲಿ ಕಲಿಯುವವರು ಚರ್ಚಿನ ಹಬ್ಬ, ದೇವಸ್ಥಾನದ ಉತ್ಸವ, ಶವಯಾತ್ರೆ ಈ ಮೂರಕ್ಕೂ ಸಿದ್ಧರಿರಬೇಕು. ಕೊಳಲು, ಕಂಠಗಳಿಗೆ ಹುಟ್ಟಿದ ಸಂಗೀತವನ್ನು ಹಿತ್ತಾಳೆಗೆ ಹೊಂದಿಸುವಾಗ ರಾಗಕ್ಕಿಂತ ಮೊದಲು ಉಸಿರನ್ನೂ ನಡೆಯನ್ನೂ ಗಮನಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

1551ರ ಜಿನೀವಾ ಕೀರ್ತನೆಗಳ ಸಂಗ್ರಹದಿಂದ ಬಂದ ‘ಓಲ್ಡ್ ಹಂಡ್ರೆಡ್ತ್’ ಧಾಟಿಯನ್ನು ತೆಗೆದುಕೊಳ್ಳೋಣ. ಅದರ ಮೊದಲ ಸಾಲು ನಮ್ಮ ಸ್ವರಗಳಲ್ಲಿ ‘ಸ ಸ ನಿ ದ ಪ ಸ ರಿ ಗ’. ನಡುವಿನ ನಿ, ದ, ಪ ಮಂದ್ರದವು. ಸಾಮಾನ್ಯವಾಗಿ ಇದು ಜಿ ಸ್ವರವನ್ನು ಷಡ್ಜವಾಗಿಟ್ಟ ಜಿ ಮೇಜರ್‌ನಲ್ಲಿ ಅಚ್ಚಾಗಿರುತ್ತದೆ. ಬಿ ಫ್ಲಾಟ್ ಕಾರ್ನೆಟ್ (ಚಿಕ್ಕ ಹಿತ್ತಾಳೆ ಕಹಳೆ) ಹಾಳೆಯಲ್ಲಿ ಬರೆದ ಸ್ವರಕ್ಕಿಂತ ಎರಡು ಅರ್ಧಸ್ವರ ಕೆಳಗೆ, ಇ ಫ್ಲಾಟ್ ಟೆನರ್ ಹಾರ್ನ್ (ಅದಕ್ಕಿಂತ ದೊಡ್ಡ, ತಗ್ಗಿನ ನಾದದ ವಾದ್ಯ) ಒಂಬತ್ತು ಅರ್ಧಸ್ವರ ಕೆಳಗೆ ಕೇಳುವುದರಿಂದ, ಅದೇ ಶ್ರುತಿಯಲ್ಲಿ ಉಳಿಸಿದರೆ ಕಾರ್ನೆಟ್‌ಗೆ ಮೂರು ಶಾರ್ಪ್ (ಅರ್ಧಸ್ವರ ಏರಿಸುವ ಗುರುತು), ಹಾರ್ನ್‌ಗೆ ನಾಲ್ಕು ಶಾರ್ಪ್ ಬರುತ್ತವೆ. ಅರ್ಧಸ್ವರ ಏರಿಸಿ ಎ ಫ್ಲಾಟ್‌ಗೆ ತಂದರೆ ಕಾರ್ನೆಟ್‌ಗೆ ಎರಡು ಫ್ಲಾಟ್ (ಅರ್ಧಸ್ವರ ಇಳಿಸುವ ಗುರುತು), ಹಾರ್ನ್‌ಗೆ ಒಂದೇ ಫ್ಲಾಟ್ ಆಗಿ ಓದಲು ಸುಲಭ. ಆ ಎಂಟು ಸ್ವರಗಳಲ್ಲಿ ಕಾರ್ನೆಟ್‌ನಲ್ಲಿ ಎರಡು ವಾಲ್ವ್ (ಸ್ವರ ಬದಲಿಸುವ ಗುಂಡಿ) ಒಟ್ಟಿಗೆ ಒತ್ತಬೇಕಾದದ್ದು ‘ನಿ’ ಒಂದಕ್ಕೇ.

ಹಾಡುವವರು ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಬ್ಯಾಂಡಿನಲ್ಲಿ ಎಲ್ಲರೂ ಅಲ್ಲಿಯೇ ನಿಲ್ಲಿಸಿದರೆ ನಾದ ಕಡಿದುಹೋಗುತ್ತದೆ. ಆದ್ದರಿಂದ ಧಾಟಿ ಹಿಡಿದ ಮೊದಲ ಕಾರ್ನೆಟ್ ಮಾತ್ರ ಸಾಹಿತ್ಯದೊಂದಿಗೆ ಉಸಿರಾಡಲಿ, ತಗ್ಗು ನಾದದ ಯೂಫೋನಿಯಂ ಮತ್ತು ಬಾಸ್ ವಾದ್ಯ ನುಡಿಸುವವರು ಸಾಲಿನ ನಡುವೆ, ಒಬ್ಬರಾದ ಮೇಲೊಬ್ಬರು ಉಸಿರು ತೆಗೆದುಕೊಳ್ಳಲಿ. ಪ್ರತಿಯ ಸ್ವರಗಳ ಕೆಳಗೆ ಸಾಹಿತ್ಯವನ್ನು ಬರೆದಿಡುವ ಅಭ್ಯಾಸ ಇದಕ್ಕೆ ತುಂಬ ಉಪಕಾರಿ.

ದೇವಸ್ಥಾನದ ಉತ್ಸವಕ್ಕೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು ಬಹಳ ಚೆನ್ನಾಗಿ ಹೊಂದುತ್ತವೆ. ಪಾಶ್ಚಾತ್ಯ ಬ್ಯಾಂಡಿನ ಧಾಟಿಗಳಿಗೆ ಅವರು ಸಂಸ್ಕೃತ ಸಾಹಿತ್ಯ ಕೂಡಿಸಿದರು. ‘ಸಂತತಂ ಪಾಹಿಮಾಂ’ ಬ್ರಿಟಿಷ್ ರಾಜಗೀತೆಯ ಧಾಟಿಯಲ್ಲಿದೆ. ಶಂಕರಾಭರಣದ ಈ ರಚನೆಗಳಲ್ಲಿ ಗಮಕ (ಸ್ವರವನ್ನು ತೂಗಿ ಕಂಪಿಸುವುದು) ಕಡಿಮೆಯಿರುವುದರಿಂದ ವಾಲ್ವ್ ವಾದ್ಯದಲ್ಲಿ ಅವು ತಮ್ಮ ಸ್ವರೂಪ ಕಳೆದುಕೊಳ್ಳುವುದಿಲ್ಲ. ತೋಡಿಯ ಕೃತಿಯನ್ನು ಹೀಗೆ ಹೊಂದಿಸಲು ಹೊರಟರೆ ಗಾಂಧಾರದ ಕಂಪನವೇ ಇಲ್ಲವಾಗುತ್ತದೆ. ಅದನ್ನು ನಾಗಸ್ವರಕ್ಕೆ ಬಿಟ್ಟುಕೊಡುವುದೇ ಗೌರವ.

ಶವಯಾತ್ರೆಯ ಸಂಗೀತವೆಂದರೆ ಮೈನರ್ ಶ್ರುತಿಯೇ ಇರಬೇಕೆಂದು ಅನೇಕರು ಭಾವಿಸುತ್ತಾರೆ. ಆದರೆ 1739ರಲ್ಲಿ ಮೊದಲು ಪ್ರದರ್ಶಿತವಾದ, ಪಾಶ್ಚಾತ್ಯ ಸಂಗೀತಗಾರ ಹ್ಯಾಂಡೆಲ್‌ನ ‘ಸಾಲ್’ ಕೃತಿಯ ಪ್ರಸಿದ್ಧ ಡೆಡ್ ಮಾರ್ಚ್ (ಶವಯಾತ್ರೆಯ ನಡೆಗೀತೆ) ಇರುವುದು ಸಿ ಮೇಜರ್‌ನಲ್ಲಿ, ಅಂದರೆ ಅದೂ ಶಂಕರಾಭರಣದ ಸ್ವರಗಳಲ್ಲಿಯೇ. ಅಲ್ಲಿ ಶೋಕವನ್ನು ಹೊತ್ತಿರುವುದು ವಿಳಂಬದ ನಡೆ, ಸ್ವರಗಳ ನಡುವಿನ ಮೌನ ಮತ್ತು ಡ್ರಮ್ಮಿನ ಪೆಟ್ಟು. ಜನಜಂಗುಳಿಯಲ್ಲಿ ಅವಸರಪಟ್ಟು ನಡೆ ಚುರುಕಾದರೆ ಅದೇ ಸ್ವರಗಳು ದಿಬ್ಬಣದ ಸಂಗೀತದಂತೆ ಕೇಳಿಬಿಡುತ್ತವೆ.

ಮಲೆನಾಡಿನವರು ಇನ್ನೊಂದು ವಿಷಯ ಗಮನಿಸಬೇಕು. ತಣ್ಣಗಿನ ಹಿತ್ತಾಳೆಯ ಶ್ರುತಿ ಇಳಿದಿರುತ್ತದೆ. ಡಿಸೆಂಬರ್ ಮುಂಜಾನೆ ಮೆರವಣಿಗೆಯಿದ್ದರೆ ವಾದ್ಯದೊಳಗೆ ಕೆಲವು ನಿಮಿಷ ಬೆಚ್ಚಗೆ ಊದಿದ ಮೇಲೆಯೇ ಟ್ಯೂನಿಂಗ್ ಸ್ಲೈಡ್ (ಶ್ರುತಿ ಸರಿಪಡಿಸುವ ಜಾರುಕೊಳವೆ) ಹೊಂದಿಸಿಕೊಳ್ಳಬೇಕು. ಏರುದಾರಿಯಲ್ಲಿ ಉಸಿರು ಬೇಗ ಸೋಲುವುದರಿಂದ, ಉದ್ದ ಸಾಲುಗಳ ಕೀರ್ತನೆಯನ್ನು ಸಮತಟ್ಟಾದ ಜಾಗ ಸಿಕ್ಕ ಮೇಲೆ ಎತ್ತಿಕೊಳ್ಳಬೇಕು.